ಪಟ್ಟಿ ಉದ್ದವಿರಲಿ, ಕೌಂಟರಿನ ಸಾಲು ಉದ್ದವಾಗದಿರಲಿ

ಮುಂಗಾರು ಬಿತ್ತನೆ ಹತ್ತಿರ ಬಂತೆಂದರೆ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂಥ ಹೋಬಳಿ ಊರುಗಳಲ್ಲಿ ಉತಾರ, ಅಂದರೆ ಪಹಣಿ, ಕೇಳುವವರು ಹೆಚ್ಚುತ್ತಾರೆ. ಬೆಳೆ ಸಾಲಕ್ಕೆ ಉತಾರ ಬೇಕು, ಬೆಳೆ ವಿಮೆಗೆ ಉತಾರ ಬೇಕು, ಹೊಲ ತಂದೆಯ ಹೆಸರಿನಿಂದ ಮಕ್ಕಳ ಹೆಸರಿಗೆ ಬರಬೇಕಾದರೂ ಮೊದಲು ಉತಾರ ಬೇಕು. ಕೌಂಟರಿನ ಈಚೆ ನಿಂತ ರೈತ ಸರ್ವೆ ನಂಬರು ಹೇಳುತ್ತಾನೆ, ಆಚೆ ಕೂತವರು ಪರದೆಯ ಮೇಲಿನ ಪಟ್ಟಿಯಲ್ಲಿ ಅದನ್ನು ಹುಡುಕುತ್ತಾರೆ. ಪಟ್ಟಿ ತಟ್ಟನೆ ತೆರೆದುಕೊಂಡರೆ ಆತ ಮುಂದಿನ ಬಸ್ಸಿಗೇ ಊರು ಸೇರಬಹುದು. ಪರದೆ ಬೆಳ್ಳಗೆ ನಿಂತುಬಿಟ್ಟರೆ ಅವನ ಅರ್ಧ ದಿನದ ದುಡಿಮೆ ಹೋಯಿತು.

ಹೀಗಾದಾಗಲೆಲ್ಲ ಕಚೇರಿಗಳಲ್ಲಿ ಕೇಳಿಬರುವ ಮಾತು ಒಂದೇ: ‘ಸರ್ವರ್ ಸ್ಲೋ ಐತ್ರಿ.’ ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಎಲ್ಲ ಸಲವೂ ತಪ್ಪು ದೂರದ ಸರ್ವರಿನದಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮು ಪಟ್ಟಿಯನ್ನು ತೋರಿಸುವ ರೀತಿಯೇ ತಪ್ಪಾಗಿದ್ದರೆ ಎಂಥ ಸರ್ವರ್ ತಂದಿಟ್ಟರೂ ಪರದೆ ನಿಧಾನವೇ. ಪಟ್ಟಿ ತೋರಿಸುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಹತ್ತು ಸಾಲಿನ ಪಟ್ಟಿ ಸಣ್ಣ ಕೆಲಸವೇ, ಲಕ್ಷ ಸಾಲಿನದು ಅಲ್ಲ. ಅದಕ್ಕೊಂದು ಸರಿಯಾದ ವಿಧಾನ ಇದೆ, ಅದು ಬಳಕೆಗೆ ಬಂದು ಕಾಲು ಶತಮಾನಕ್ಕೂ ಹೆಚ್ಚಾಯಿತು. ಪಟ್ಟಿ ಎಷ್ಟೇ ಉದ್ದವಿರಲಿ, ಕಂಪ್ಯೂಟರ್ ಮಾಡುವ ಕೆಲಸ ಪರದೆಯಲ್ಲಿ ಕಾಣುವಷ್ಟಕ್ಕೆ ಮಾತ್ರ ಇರಬೇಕು ಎಂಬುದೇ ಅದರ ತಿರುಳು.

ಹೋಬಳಿಯಿಂದ ಹಿಸ್ಸಾದವರೆಗೆ

ಉದ್ದದ ಪಟ್ಟಿಯ ಸಮಸ್ಯೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೊದಲು ಉತಾರದ ಪುಸ್ತಕಗಳು ತಲಾಟಿಯ ದಫ್ತರದಲ್ಲಿರುತ್ತಿದ್ದವು. ಕೈಬರಹದ ಆ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಹೊಸ ಶತಮಾನದ ಆರಂಭದಲ್ಲಿ ದೇಶದ ಗಮನ ಸೆಳೆಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದನ್ನು ಮುನ್ನಡೆಸಿದರು, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸಾಫ್ಟ್‌ವೇರ್ ಬರೆಯಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳು 177 ತಾಲ್ಲೂಕುಗಳ ಕಂಪ್ಯೂಟರುಗಳಲ್ಲಿ ಕೂತವು. ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಸಿಗುವಂತಾಯಿತು.

2 ಕೋಟಿ ದಾಖಲೆಗಳಲ್ಲಿ ಒಂದನ್ನು ಹುಡುಕುವುದು ಹೇಗೆ? ‘ಭೂಮಿ’ಯಲ್ಲಿ ಪಹಣಿ ನೋಡಿದವರಿಗೆ ಆ ಕ್ರಮ ಬಾಯಿಪಾಠ: ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. ಗದಗ ಎಂದು ಆರಿಸಿದ ಕೂಡಲೇ ಉಳಿದ ಜಿಲ್ಲೆಗಳೆಲ್ಲ ಬದಿಗೆ ಸರಿಯುತ್ತವೆ. ಶಿರಹಟ್ಟಿ ಎಂದರೆ ಮುಂಡರಗಿ, ರೋಣ, ನರಗುಂದ ಹೋಗುತ್ತವೆ. ಬೆಳ್ಳಟ್ಟಿ ಹೋಬಳಿ, ಆಮೇಲೆ ಊರು, ಆಮೇಲೆ ನಂಬರು. ಪ್ರತಿ ಹೆಜ್ಜೆಯಲ್ಲೂ ಕಣ್ಣ ಮುಂದೆ ಬರುವುದು ಚಿಕ್ಕ ಪಟ್ಟಿ. ದೊಡ್ಡ ಪಟ್ಟಿಯನ್ನು ಸಂಭಾಳಿಸುವ ಮೊದಲ ಉಪಾಯ ಅದನ್ನು ತೋರಿಸದೇ ಇರುವುದು, ಕೇಳಿ ಕೇಳಿ ಕಿರಿದು ಮಾಡುವುದು. ಕಂದಾಯ ಇಲಾಖೆಯ ಹಳೆಯ ವ್ಯವಸ್ಥೆಯೇ ಈ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿತ್ತು.

ಆದರೆ ಎಲ್ಲ ಕೆಲಸವೂ ಹೀಗೆ ಕಿರಿದಾಗುವುದಿಲ್ಲ. ಸರ್ವೆ ನಂಬರು ನೆನಪಿಲ್ಲದ ಮುದುಕಿ ಗಂಡನ ಹೆಸರು ಹೇಳಿ ಹುಡುಕಿಸುತ್ತಾಳೆ. ತಹಶೀಲ್ದಾರರಿಗೆ ಇಡೀ ತಾಲ್ಲೂಕಿನಲ್ಲಿ ಬಾಕಿ ಉಳಿದ ವಾರಸಾ ಅರ್ಜಿಗಳು ಬೇಕು. ಬೆಳೆ ಪರಿಹಾರದ ಯಾದಿ ಹೊಂದಿಸುವವರಿಗೆ ಹೋಬಳಿಯ ಎಲ್ಲ ಖಾತೆದಾರರೂ ಬೇಕು. ಸಹಕಾರ ಸಂಘ, ಬ್ಯಾಂಕು, ಕೃಷಿ ಮಾರುಕಟ್ಟೆ, ಮತದಾರರ ಪಟ್ಟಿ, ಎಲ್ಲಿ ನೋಡಿದರೂ ಸಾವಿರ, ಲಕ್ಷಗಳಲ್ಲಿ ಸಾಲುಗಳು. ಅಲ್ಲಿ ಪಟ್ಟಿಯನ್ನು ತೋರಿಸಲೇಬೇಕು. ತೊಂದರೆ ಶುರುವಾಗುವುದೂ ಅಲ್ಲೇ.

ಎಲ್ಲವನ್ನೂ ತುಂಬುವ ತಪ್ಪು

ಹೊಸದಾಗಿ ಪ್ರೋಗ್ರಾಮ್ ಬರೆಯುವವರು ಮಾಡುವುದು ಬಹುತೇಕ ಒಂದೇ. ಡೇಟಾಬೇಸಿನಿಂದ ಎಲ್ಲ ಸಾಲುಗಳನ್ನೂ ತರಿಸಿ ಒಂದೊಂದಾಗಿ ಪರದೆಯ ಪಟ್ಟಿಗೆ ಸೇರಿಸುತ್ತ ಹೋಗುತ್ತಾರೆ. ಲಕ್ಷ ಸಾಲಿದ್ದರೆ ಲಕ್ಷ ಸಲ ಸೇರಿಸುತ್ತಾರೆ. ಒಂದು ಸಾಲಿನ ಹೆಸರು, ನಂಬರು, ಎಕರೆ-ಗುಂಟೆ, ಬಣ್ಣ, ಗುರುತು ಎಲ್ಲ ಸೇರಿ 500 ಬೈಟ್ ಎಂದಿಟ್ಟುಕೊಂಡರೂ ಲಕ್ಷ ಸಾಲಿಗೆ ಸುಮಾರು 50 ಎಂಬಿ ಮೆಮೊರಿ ಆಯಿತು. ಅದೇ ಮಾಹಿತಿ ಡೇಟಾಬೇಸಿನಿಂದ ಬಂದ ರೂಪದಲ್ಲಿ ಇನ್ನೊಂದು ಪ್ರತಿಯಾಗಿಯೂ ಕೂತಿರುತ್ತದೆ. ಒಂದೊಂದು ಸಾಲು ಸೇರಿದಾಗಲೂ ಪಟ್ಟಿ ತನ್ನ ಉದ್ದ ಲೆಕ್ಕ ಹಾಕುತ್ತದೆ, ಸ್ಕ್ರಾಲ್ ಪಟ್ಟಿಯನ್ನು ಸರಿಮಾಡುತ್ತದೆ, ಸಾಧ್ಯವಾದರೆ ತನ್ನನ್ನು ಮತ್ತೆ ಬರೆದುಕೊಳ್ಳುತ್ತದೆ. ಅಕ್ಷರಾನುಕ್ರಮದಲ್ಲಿರಬೇಕು ಎಂದು ಹೇಳಿದ್ದರೆ ಪ್ರತಿ ಸಾಲಿಗೂ ತಕ್ಕ ಜಾಗ ಹುಡುಕುತ್ತದೆ. ಇಷ್ಟೆಲ್ಲ ಮುಗಿಯುವವರೆಗೆ ಮೌಸ್ ಒತ್ತಿದರೆ ಉತ್ತರವಿಲ್ಲ. ಕೌಂಟರಿನಲ್ಲಿ ಕೂತವರು ಪ್ರೋಗ್ರಾಮು ಸತ್ತೇ ಹೋಯಿತೆಂದು ಮುಚ್ಚಿ ಮತ್ತೆ ತೆರೆಯುತ್ತಾರೆ, ಕೆಲಸ ಮತ್ತೆ ಮೊದಲಿನಿಂದ ಶುರು.

ಸೇರಿಸುವಾಗ ಚಿತ್ರಣವನ್ನು ನಿಲ್ಲಿಸಿ, ಎಲ್ಲ ಮುಗಿದ ಮೇಲೆ ಒಂದೇ ಸಲ ಬರೆಯುವ ಆದೇಶ ವಿಂಡೋಸ್‌ನಲ್ಲಿ ಮೊದಲಿನಿಂದಲೂ ಇದೆ. ಎರಡು-ಮೂರು ಸಾವಿರ ಸಾಲಿಗೆ ಅಷ್ಟೇ ಸಾಕು. ಅದಕ್ಕೆ ಮೀರಿದರೆ ಅದು ಬರೀ ತಾತ್ಕಾಲಿಕ ಉಪಶಮನ.

ನಿಧಾನಕ್ಕಿಂತ ದೊಡ್ಡ ಅಪಾಯವೂ ಒಂದಿದೆ. ವಿಂಡೋಸ್ 95 ಮತ್ತು 98ರ ಸಾಮಾನ್ಯ ಲಿಸ್ಟ್ ಬಾಕ್ಸ್ ಹಿಡಿಯುತ್ತಿದ್ದುದು 32,767 ಸಾಲು ಮಾತ್ರ. ಎಕ್ಸೆಲ್ ಹಾಳೆಗೆ 2003ರ ಆವೃತ್ತಿಯವರೆಗೆ 65,536 ಸಾಲಿನ ಮಿತಿಯಿತ್ತು, 2007ರಲ್ಲಿ ಅದು 10,48,576ಕ್ಕೆ ಏರಿತು. ಇಂಥ ಮಿತಿ ದಾಟಿದ ಸಾಲುಗಳು ಸದ್ದಿಲ್ಲದೆ ಕಾಣೆಯಾದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ 2020ರಲ್ಲಿ ಕಂಡಿತು. ಅಲ್ಲಿನ ಆರೋಗ್ಯ ಸಂಸ್ಥೆ ಕೋವಿಡ್ ಪ್ರಕರಣಗಳನ್ನು ಹಳೆಯ ಎಕ್ಸೆಲ್ ನಮೂನೆಯ ಕಡತಕ್ಕೆ ತುಂಬಿದಾಗ ಹಾಳೆ ಭರ್ತಿಯಾಗಿ 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ಎಲ್ಲ ಸಾಲನ್ನೂ ತೋರಿಸಲಾಗದ ಪ್ರೋಗ್ರಾಮು ಹಾಗೆಂದು ಬಾಯಿಬಿಟ್ಟು ಹೇಳಲೇಬೇಕು. ಪರಿಹಾರದ ಯಾದಿಯ ಕೊನೆಯ ಸಾಲಿನಲ್ಲೂ ಒಂದು ಕುಟುಂಬ ಇರುತ್ತದೆ.

ಕಾಣುವಷ್ಟನ್ನೇ ಕೇಳುವ ಪಟ್ಟಿ

ಹಾಗಾದರೆ ಸರಿಯಾದ ವಿಧಾನ ಯಾವುದು? ಉತಾರದ ಪುಸ್ತಕ ಹಿಡಿದ ತಲಾಟಿ ಇಡೀ ಪುಸ್ತಕವನ್ನು ಬಿಡಿಸಿ ಮೇಜಿನ ಮೇಲೆ ಹರಡುತ್ತಿರಲಿಲ್ಲ, ಬೇಕಾದ ಪುಟವನ್ನಷ್ಟೇ ತೆರೆಯುತ್ತಿದ್ದ. ಸರಿಯಾದ ವಿಧಾನದ ಹೆಸರು ವರ್ಚುವಲ್ ಲಿಸ್ಟ್, ಅದು ಮಾಡುವುದೂ ಇದನ್ನೇ. ವಿಂಡೋಸ್‌ಗೆ ಇದು 1996ರಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರ ಜೊತೆ ಬಂದ ನಿಯಂತ್ರಣಗಳ ಕೋಶದಲ್ಲಿ ಸೇರಿತು. ಈ ಪಟ್ಟಿಗೆ ಸಾಲುಗಳನ್ನು ತುಂಬುವುದೇ ಇಲ್ಲ. ‘ನಿನ್ನಲ್ಲಿ ಒಂದು ಲಕ್ಷ ಸಾಲಿವೆ’ ಎಂದು ಸಂಖ್ಯೆ ಮಾತ್ರ ಹೇಳಲಾಗುತ್ತದೆ. ಯಾವುದಾದರೂ ಸಾಲನ್ನು ಪರದೆಯ ಮೇಲೆ ಬರೆಯಬೇಕಾದಾಗ ಪಟ್ಟಿಯೇ ಪ್ರೋಗ್ರಾಮನ್ನು ಕೇಳುತ್ತದೆ: ‘50,001ನೇ ಸಾಲಿನಲ್ಲಿ ಏನಿದೆ?’ ಪ್ರೋಗ್ರಾಮು ಉತ್ತರ ಕೊಡುತ್ತದೆ, ಪಟ್ಟಿ ಬರೆದು ಮರೆತುಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. ಪಟ್ಟಿಯ ಚೌಕಟ್ಟಿನ ಎತ್ತರ 660 ಪಿಕ್ಸೆಲ್, ಒಂದು ಸಾಲಿನ ಎತ್ತರ 22 ಪಿಕ್ಸೆಲ್ ಇರಲಿ. ಒಮ್ಮೆಗೆ ಕಾಣುವುದು 30 ಸಾಲು. ಲಕ್ಷ ಸಾಲನ್ನೂ ನಿಜವಾಗಿ ಬರೆದರೆ ಉದ್ದ 22 ಲಕ್ಷ ಪಿಕ್ಸೆಲ್ ಆಗುತ್ತಿತ್ತು. ಬಳಕೆದಾರ ಸ್ಕ್ರಾಲ್ ಪಟ್ಟಿಯ ಗುಂಡಿಯನ್ನು ನಡುಮಧ್ಯಕ್ಕೆ ಎಳೆದ ಎನ್ನಿ. ಅದು ಮೇಲಿನಿಂದ 11 ಲಕ್ಷ ಪಿಕ್ಸೆಲ್ ದೂರ. 22ರಿಂದ ಭಾಗಿಸಿದರೆ 50,000. ಅಷ್ಟು ಸಾಲುಗಳು ಮೇಲಕ್ಕೆ ಹೋದಂತಾಯಿತು, ಇನ್ನು 50,001ರಿಂದ 50,030ರವರೆಗೆ ಕೇಳಿದರೆ ಮುಗಿಯಿತು. ಒಂದು ಭಾಗಾಕಾರ, 30 ಪ್ರಶ್ನೆ. ಪಟ್ಟಿ ಲಕ್ಷದಿಂದ ಹತ್ತು ಲಕ್ಷಕ್ಕೆ ಬೆಳೆದರೂ ಪ್ರಶ್ನೆಗಳು 30 ದಾಟುವುದಿಲ್ಲ.

ಈ ಒಂದೇ ಮಾತನ್ನು ಪ್ರೋಗ್ರಾಮ್ ಬರೆಯುವ ಬೇರೆ ಬೇರೆ ಸಲಕರಣೆಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ಕಾಣಬಹುದು. ಡಾಟ್‌ನೆಟ್‌ನ ಲಿಸ್ಟ್‌ವ್ಯೂಗೆ 2005ರಲ್ಲಿ ವರ್ಚುವಲ್ ಮೋಡ್ ಸೇರಿತು. ಮ್ಯಾಕ್‌ನ ಎನ್‌ಎಸ್‌ಟೇಬಲ್‌ವ್ಯೂ ಸಾಲುಗಳ ಮಾಹಿತಿಯನ್ನು ಪ್ರೋಗ್ರಾಮಿನಿಂದಲೇ ಕೇಳಿ ಪಡೆಯುತ್ತದೆ. ಕ್ಯೂಟಿಯಲ್ಲಿ ಮಾಹಿತಿ ಒಂದು ಕಡೆ, ಅದನ್ನು ತೋರಿಸುವ ನೋಟ ಇನ್ನೊಂದು ಕಡೆ. ಡಬ್ಲ್ಯುಪಿಎಫ್‌ನಲ್ಲಿ ಮೇಲಕ್ಕೆ ಸರಿದು ಮರೆಯಾದ ಸಾಲಿನ ಚೌಕಟ್ಟನ್ನೇ ಕೆಳಗೆ ಹೊಸ ಸಾಲಿಗೆ ಮರುಬಳಕೆ ಮಾಡಬಹುದು. ಆಂಡ್ರಾಯ್ಡ್ ಫೋನುಗಳಿಗೆ 2014ರಲ್ಲಿ ಬಂದ ರಿಸೈಕ್ಲರ್‌ವ್ಯೂ ಕೂಡ ಇದೇ ಕೆಲಸ ಮಾಡುತ್ತದೆ. ಬೆರಳು ಸವರಿದಂತೆ ಸಾವಿರಾರು ಫೋಟೊ ಸಲೀಸಾಗಿ ಜಾರುತ್ತವಲ್ಲ, ಹಿಂದೆ ಇರುವುದು ಈ ಲೆಕ್ಕ.

ಕೇಳಿದ್ದು ಎಲ್ಲಿಂದ ಬರಬೇಕು?

ಪಟ್ಟಿಯ ಪ್ರಶ್ನೆಗೆ ಪ್ರೋಗ್ರಾಮು ಎಲ್ಲಿಂದ ಉತ್ತರ ತರುತ್ತದೆ ಎಂಬುದು ಉಳಿದರ್ಧ ಕತೆ. ಪ್ರತಿ ಸಾಲಿಗೊಮ್ಮೆ ಸರ್ವರಿಗೆ ಓಡಿದರೆ 30 ಸಾಲಿಗೆ 30 ಓಡಾಟ. ಆದ್ದರಿಂದ ಮುಂದೆ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಬೇಕಾಗಬಹುದು ಎಂದು ವಿಂಡೋಸ್‌ನ ವರ್ಚುವಲ್ ಲಿಸ್ಟ್ ಮೊದಲೇ ಸುಳಿವು ಕೊಡುತ್ತದೆ. ಪ್ರೋಗ್ರಾಮು ಅಷ್ಟನ್ನೂ, ಹಿಂದೆ ಮುಂದೆ ಇನ್ನೊಂದಷ್ಟನ್ನೂ ಒಂದೇ ಸಲಕ್ಕೆ ತಂದು ಹತ್ತಿರ ಇಟ್ಟುಕೊಳ್ಳಬೇಕು. ತರುವ ಕೆಲಸ ಹಿನ್ನೆಲೆಯಲ್ಲಿ ನಡೆಯಬೇಕು. ಉತ್ತರ ಬರುವವರೆಗೆ ಆ ಸಾಲುಗಳಲ್ಲಿ ಚುಕ್ಕೆಗಳು ಕಂಡರೂ ಅಡ್ಡಿಯಿಲ್ಲ, ಪರದೆ ಹೆಪ್ಪುಗಟ್ಟಬಾರದು.

ಡೇಟಾಬೇಸನ್ನು ಕೇಳುವ ರೀತಿಯೂ ಮುಖ್ಯ. ‘ಮೊದಲ 90,000 ಸಾಲು ಬಿಟ್ಟು ಮುಂದಿನ 30 ಕೊಡು’ ಎಂದು ಕೇಳುವುದು ಸುಲಭ. ಆದರೆ ಬಿಡಬೇಕಾದ 90,000 ಸಾಲನ್ನೂ ಡೇಟಾಬೇಸ್ ಎಣಿಸಿಯೇ ಬಿಡಬೇಕು. ಪಟ್ಟಿಯಲ್ಲಿ ಕೆಳಗಿಳಿದಷ್ಟೂ ನಿಧಾನ ಹೆಚ್ಚುತ್ತದೆ. ‘ಕೊನೆಗೆ ನೋಡಿದ್ದು 118/2, ಅದರ ಮುಂದಿನ 30 ಕೊಡು’ ಎಂದು ಕೇಳಿದರೆ ಸೂಚಿಯ (ಇಂಡೆಕ್ಸ್) ಮೂಲಕ ನೇರ ಅಲ್ಲಿಗೇ ಹೋಗಬಹುದು. ಬಹುತೇಕ ಡೇಟಾಬೇಸುಗಳ ಸೂಚಿ ಬಿ-ಟ್ರೀ ರಚನೆಯಲ್ಲಿರುತ್ತದೆ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ದಶಕದ ಆರಂಭದಲ್ಲಿ ಅದನ್ನು ಲೋಕಕ್ಕೆ ಕೊಟ್ಟರು. ಅದರ ಒಂದು ಪುಟ 100 ದಾರಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಪುಟ ತಿರುವಿದರೆ 10 ಕೋಟಿ ದಾಖಲೆಗಳಲ್ಲಿ ಒಂದನ್ನು ತಲುಪಬಹುದು. ರಾಜ್ಯದ 2 ಕೋಟಿ ಪಹಣಿ ಅದರೊಳಗೆ ಆರಾಮವಾಗಿ ಕೂರುತ್ತವೆ.

ಆದರೆ ‘ಮುಂದಿನ 30’ ಎನ್ನುವ ಕ್ರಮದಲ್ಲಿ ಪಟ್ಟಿಯ ನಡುವಿಗೆ ಜಿಗಿಯಲು ಬರುವುದಿಲ್ಲ. ಅದಕ್ಕೊಂದು ಮಧ್ಯದ ದಾರಿ ಇದೆ. ಹುಡುಕಾಟಕ್ಕೆ ಸಿಕ್ಕ ಸಾಲುಗಳ ಗುರುತಿನ ಸಂಖ್ಯೆಗಳನ್ನು ಮಾತ್ರ ಕ್ರಮವಾಗಿ ತರಿಸಿಕೊಳ್ಳುವುದು. ಒಂದಕ್ಕೆ 8 ಬೈಟ್‌ನಂತೆ ಲಕ್ಷ ಸಾಲಿಗೆ 8 ಲಕ್ಷ ಬೈಟ್, ಒಂದು ಎಂಬಿಯೂ ಆಗಲಿಲ್ಲ. ಹೆಸರು, ವಿಸ್ತೀರ್ಣ, ಬೆಳೆ ಇತ್ಯಾದಿಗಳನ್ನು ಪರದೆಗೆ ಬಂದ 30 ಸಾಲಿಗೆ ಮಾತ್ರ ಆಮೇಲೆ ತರಬಹುದು. 50 ಎಂಬಿಯ ಹೊರೆ ಒಂದು ಎಂಬಿಯೊಳಗೆ ಇಳಿಯಿತು.

ಕನ್ನಡದ ಸಾಲು

ಪುಸ್ತಕದಲ್ಲಿ ಕಲಿತದ್ದನ್ನು ಹಾಗೆಯೇ ನಮ್ಮ ಕಚೇರಿಗೆ ತಂದರೆ ಸಾಲದು. ಮೇಲಿನ ಭಾಗಾಕಾರ ಸಲೀಸಾದದ್ದು ಎಲ್ಲ ಸಾಲುಗಳೂ ಒಂದೇ ಎತ್ತರವಿದ್ದುದರಿಂದ. ಇಂಗ್ಲಿಷಿಗೆ ಹೊಂದಿಸಿದ ಎತ್ತರದಲ್ಲಿ ‘ಲಕ್ಷ್ಮವ್ವ’ ಎಂದು ಬರೆದು ನೋಡಿ. ಕಕಾರಕ್ಕೆ ಷ, ಮ ಎರಡೂ ಒತ್ತಾಗಿ ಬರುವಲ್ಲಿ ಕೆಳಗಿನ ಭಾಗ ಕತ್ತರಿಸಿ ಹೋಗುವ ಸಂಭವ ಹೆಚ್ಚು. ಸಾಲಿಗೊಂದು ಎತ್ತರ ಕೊಡಲು ಹೋದರೆ ಲಕ್ಷ ಸಾಲನ್ನೂ ಅಳೆಯಬೇಕಾಗುತ್ತದೆ, ವೇಗವೆಲ್ಲ ಹೋಯಿತು. ಅತಿ ಆಳದ ಒತ್ತಕ್ಷರಕ್ಕೆ ಸಾಕಾಗುವಷ್ಟು ಎತ್ತರವನ್ನು ಎಲ್ಲ ಸಾಲಿಗೂ ಒಂದೇ ಸಮ ಕೊಡುವುದು ಸರಿಯಾದ ಕ್ರಮ. ಎರಡು ಸಾಲು ಕಡಿಮೆ ಕಂಡರೂ ಹೆಸರು ಪೂರ್ತಿ ಕಾಣಬೇಕು.

ಕನ್ನಡವನ್ನು ಪರದೆಗೆ ಬರೆಯುವುದಕ್ಕೆ ಕೆಲಸವೂ ಹೆಚ್ಚು. ‘ಧರ್ಮವ್ವ’ ಎಂಬಲ್ಲಿ ರಕಾರ ಮೊದಲು ಉಚ್ಚಾರವಾದರೂ ಅರ್ಕಾವತ್ತು ಮಕಾರದ ನಂತರ ಕೂರುತ್ತದೆ. ಇಂಥ ಜೋಡಣೆಯನ್ನು ಪ್ರತಿ ಪದಕ್ಕೂ ಲೆಕ್ಕ ಹಾಕಬೇಕು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದಾಗಿನಿಂದ ಆ ಕೆಲಸವನ್ನು ವ್ಯವಸ್ಥೆಯೇ ಮಾಡುತ್ತಿದೆ. ಆದರೂ ಅದು ಪುಕ್ಕಟೆಯಲ್ಲ. ಕಾಣುವ ಸಾಲನ್ನಷ್ಟೇ ಬರೆಯುವ ವಿಧಾನ ಇಂಗ್ಲಿಷ್ ಪಟ್ಟಿಗಿಂತ ಕನ್ನಡದ ಪಟ್ಟಿಗೇ ಹೆಚ್ಚು ಅಗತ್ಯ.

ಅನುಕ್ರಮದ ಪ್ರಶ್ನೆ ಇನ್ನೂ ಸೂಕ್ಷ್ಮ. ಯೂನಿಕೋಡಿನ ಸಂಖ್ಯಾಕ್ರಮದಲ್ಲಿ ಳ ಅಕ್ಷರ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಇದೆ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ, ಕೊನೆಗೆ. ಬರೀ ಸಂಖ್ಯಾಕ್ರಮ ನಂಬಿದ ಪಟ್ಟಿಯಲ್ಲಿ ಕಳಕಪ್ಪ ಮೊದಲು, ಕಸ್ತೂರೆವ್ವ ಆಮೇಲೆ ಬರುತ್ತಾರೆ. ವರ್ಣಮಾಲೆ ನೆಚ್ಚಿ ಹುಡುಕುವ ಗುಮಾಸ್ತರಿಗೆ ಕಳಕಪ್ಪ ಇರಬೇಕಾದ ಜಾಗದಲ್ಲಿ ಸಿಗುವುದಿಲ್ಲ. ಸರ್ವೆ ನಂಬರನ್ನು ಅಕ್ಷರಗಳಂತೆ ಹೊಂದಿಸಿದರೆ 12/1ರ ಮುಂದೆ 12/10 ಬರುತ್ತದೆ, ಆಮೇಲೆ 12/2. ಅಂಕಿಯ ಭಾಗ, ಅಕ್ಷರದ ಭಾಗ ಎಂದು ಒಡೆದು, ಅನುಕ್ರಮಕ್ಕಾಗಿಯೇ ಒಂದು ಪ್ರತ್ಯೇಕ ಕೀಲಿಯನ್ನು ದಾಖಲೆಯ ಜೊತೆ ಬರೆದಿಟ್ಟು ಅದರ ಮೇಲೆ ಸೂಚಿ ಕಟ್ಟಿದರೆ ಎರಡೂ ಸರಿಹೋಗುತ್ತವೆ. ಪಟ್ಟಿ ತೆರೆದಾಗಲೆಲ್ಲ ಹೊಂದಿಸುತ್ತ ಕೂರುವ ಕೆಲಸ ಇರುವುದಿಲ್ಲ.

ಹುಡುಕಾಟಕ್ಕೂ ಇದೇ ಕಾಳಜಿ ಬೇಕು. ವರ್ಚುವಲ್ ಲಿಸ್ಟಿನ ಬಳಿ ಹೆಸರುಗಳೇ ಇರುವುದಿಲ್ಲವಾದ್ದರಿಂದ ಅದು ತಾನಾಗಿ ಹುಡುಕಲಾರದು, ಪ್ರೋಗ್ರಾಮೇ ಹುಡುಕಿಕೊಡಬೇಕು. ಫಕೀರೇಶ್ವರ ಮಠದ ಊರು ಶಿರಹಟ್ಟಿ. ಆ ಸೀಮೆಯಲ್ಲಿ ಫಕ್ಕೀರಪ್ಪ, ಫಕ್ಕೀರವ್ವ ಎಂಬ ಹೆಸರು ಓಣಿಗೆ ಹಲವು. ‘ಫ’ ಒತ್ತಿದ ಕೂಡಲೇ ಬಂದ ಸಾಲನ್ನೆಲ್ಲ ತರಲು ಹೋದರೆ ಕಿರಿದು ಮಾಡಿದಂತೆ ಆಗುವುದೇ ಇಲ್ಲ. ಒಬ್ಬರು ಫಕೀರಪ್ಪ ಎಂದು, ಇನ್ನೊಬ್ಬರು ಫಕ್ಕೀರಪ್ಪ ಎಂದು ಬರೆಸಿರುತ್ತಾರೆ, ಎರಡೂ ಸಿಗಬೇಕು. ಕಣ್ಣಿಗೆ ಒಂದೇ ಆಗಿ ಕಾಣುವ ‘ಕೊ’ ಯೂನಿಕೋಡಿನಲ್ಲಿ ಎರಡು ರೀತಿಯಲ್ಲಿ ಕೂತಿರಬಹುದು. ಕಾಣದ ಜೋಡಕ ಚಿಹ್ನೆಗಳೂ ಹೆಸರಿನ ನಡುವೆ ಸೇರಿಕೊಂಡಿರುತ್ತವೆ. ದಾಖಲಿಸುವಾಗಲೇ ಇವನ್ನೆಲ್ಲ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಇರುವ ಮನುಷ್ಯನನ್ನೇ ‘ದಾಖಲೆ ಇಲ್ಲ’ ಎಂದು ಹಿಂದಕ್ಕೆ ಕಳಿಸಬೇಕಾಗುತ್ತದೆ.

ಯಾರ ಸಾಲು ತೆರೆಯಿತು?

ವೇಗದ ಜೊತೆಗೇ ನೆನಪಿಡಬೇಕಾದ ಎಚ್ಚರಿಕೆ ಇನ್ನೊಂದಿದೆ. ವರ್ಚುವಲ್ ಲಿಸ್ಟ್ ನೆನಪಿಟ್ಟುಕೊಳ್ಳುವುದು ಸಾಲಿನ ಸಂಖ್ಯೆಯನ್ನು, ಸಾಲಿನಲ್ಲಿರುವ ವ್ಯಕ್ತಿಯನ್ನಲ್ಲ. ಗುಮಾಸ್ತರು 14ನೇ ಸಾಲನ್ನು ಆರಿಸಿದ್ದಾರೆ. ಅಷ್ಟರಲ್ಲಿ ಪಕ್ಕದ ಮೇಜಿನವರು ಹೊಸ ಅರ್ಜಿಯೊಂದನ್ನು ದಾಖಲಿಸುತ್ತಾರೆ, ಪಟ್ಟಿ ತಾಜಾ ಆಗುತ್ತದೆ, ಎಲ್ಲರೂ ಒಂದು ಸಾಲು ಕೆಳಗೆ ಸರಿಯುತ್ತಾರೆ. 14ನೇ ಸಾಲಿನಲ್ಲಿ ಈಗ ಬೇರೆಯವರು. ನೋಡದೆ ‘ಮಂಜೂರು’ ಒತ್ತಿದರೆ ಒಬ್ಬರ ಹೊಲದ ಕೆಲಸ ಇನ್ನೊಬ್ಬರ ಕಡತದಲ್ಲಿ ಆಯಿತು. ಆದ್ದರಿಂದ ಆಯ್ಕೆಯಾದದ್ದು ಯಾವ ದಾಖಲೆ ಎಂಬುದನ್ನು ಅದರ ಗುರುತಿನ ಸಂಖ್ಯೆಯಿಂದಲೇ ಹಿಡಿದಿಡಬೇಕು. ಪಟ್ಟಿ ಬದಲಾದ ಮೇಲೆ ಆ ದಾಖಲೆ ಎಲ್ಲಿದೆಯೋ ಅಲ್ಲಿಗೆ ಆಯ್ಕೆಯನ್ನು ಒಯ್ಯಬೇಕು. ಮಂಜೂರು ಮಾಡುವ ಮುನ್ನ ಹೆಸರು, ಊರು, ನಂಬರು ಮೂರನ್ನೂ ದೊಡ್ಡದಾಗಿ ತೋರಿಸಬೇಕು. ಭೂದಾಖಲೆಯ ಒಂದು ತಪ್ಪು ತಿದ್ದಿಸಲು ರೈತ ಎಷ್ಟು ಸಲ ತಾಲ್ಲೂಕಿಗೆ ಅಲೆಯಬೇಕಾಗುತ್ತದೆ ಎಂಬುದು ಈ ಸೀಮೆಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಎಷ್ಟು ವೇಗ ಸಾಕು? ಸಂಶೋಧಕ ರಾಬರ್ಟ್ ಮಿಲ್ಲರ್ 1968ರಲ್ಲಿ ಈ ಬಗ್ಗೆ ಬರೆದರು. ಜೇಕಬ್ ನೀಲ್ಸನ್ 1993ರಲ್ಲಿ ಅದನ್ನು ಮೂರು ಅಂಕಿಗಳಲ್ಲಿ ಸಂಗ್ರಹಿಸಿದರು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ಕೈಯಾಡಿಸಿದಂತೆಯೇ ಆಯಿತು ಅನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಸರಣಿ ಕಡಿಯುವುದಿಲ್ಲ. ಹತ್ತು ಸೆಕೆಂಡ್ ದಾಟಿದರೆ ಮನಸ್ಸು ಬೇರೆ ಕಡೆ ಹೋಗುತ್ತದೆ. ಒಬ್ಬೊಬ್ಬರಿಗೆ 20 ಸೆಕೆಂಡ್ ವ್ಯರ್ಥವಾದರೆ ದಿನಕ್ಕೆ ನೂರು ಮಂದಿ ಬರುವ ಕೌಂಟರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಹೋಯಿತು. ಅಷ್ಟು ಹೊತ್ತು ಕಾಯುವವರು ಸಾಲಿನ ಕೊನೆಯಲ್ಲಿ ನಿಂತವರು.

ಗದಗ, ಲಕ್ಷ್ಮೇಶ್ವರ, ಹುಬ್ಬಳ್ಳಿಯ ಕಾಲೇಜುಗಳಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳು ನಾಳೆ ಇಂಥದೇ ಪ್ರೋಗ್ರಾಮುಗಳನ್ನು ಬರೆಯುವವರು. ಹತ್ತು ಮಾದರಿ ಸಾಲು ತುಂಬಿ, ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಿ ‘ಆಯಿತು’ ಎನ್ನುವ ಅಭ್ಯಾಸವನ್ನು ಅವರು ಈಗಲೇ ಬಿಡಬೇಕು. ಎರಡು ಲಕ್ಷ ಸುಳ್ಳು ಹೆಸರುಗಳನ್ನು ತಯಾರಿಸಲು ಕಂಪ್ಯೂಟರಿಗೆ ನಿಮಿಷ ಸಾಕು. ಅವನ್ನು ತುಂಬಿ, ಕಚೇರಿಯಲ್ಲಿ ನಿಜಕ್ಕೂ ಇರುವಂಥ ಹಳೆಯ ಯಂತ್ರದಲ್ಲಿ ತೆರೆದು ನೋಡಲಿ. ಸಾಫ್ಟ್‌ವೇರ್ ಕೊಳ್ಳುವ ಇಲಾಖೆಗಳೂ ತಮ್ಮ ಟೆಂಡರ್ ಕಾಗದದಲ್ಲಿ ಒಂದು ಷರತ್ತು ಬರೆಯಲಿ: ಇಡೀ ತಾಲ್ಲೂಕಿನ ಕನ್ನಡ ಪಟ್ಟಿ, ಕೌಂಟರಿನಲ್ಲಿರುವ ಕಂಪ್ಯೂಟರಿನಲ್ಲೇ, ಒಂದು ಸೆಕೆಂಡಿನೊಳಗೆ ತೆರೆಯಬೇಕು, ಕೊನೆಯ ಸಾಲಿನವರೆಗೂ ಸರಿಯಾಗಿ ಕಾಣಬೇಕು. ಅದನ್ನು ಪರೀಕ್ಷೆ ಮಾಡಿ ತೋರಿಸಿದ ಮೇಲೆಯೇ ಬಿಲ್ ಪಾಸಾಗಲಿ.